ಅರ್ಧ ಗಂಟೆ ಹಾರಾಟ, ಎರಡು ವಾರದ ಕಾಗದ

ಅಕ್ಕನ ಮಗ ಅಮೆರಿಕದಲ್ಲಿ ಕೆಲಸದ ಜೊತೆಗೆ ಪೈಲಟ್ ಲೈಸೆನ್ಸ್ ಮಾಡಿಕೊಂಡಿದ್ದಾನೆ. "ಮಾಮ, ಬೆಲ್ಲಿಂಗ್‌ಹ್ಯಾಮ್‌ನಿಂದ ಕೆನಡಾದ ವಿಕ್ಟೋರಿಯಾಕ್ಕೆ ಸೆಸ್ನಾ ಅನ್ನೋ ಪುಟ್ಟ ವಿಮಾನದಲ್ಲಿ ಹೋಗಿ ಬರೋಣ" ಅಂದ. ದೂರ ನಮ್ಮ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋದಷ್ಟು. ನಾನು ಸುಮ್ನೆ ಹತ್ತಿ ಕೂತರಾಯ್ತು ಅಂದುಕೊಂಡಿದ್ದೆ.

ಮೊದಲ ವಿಷಯ ವೀಸಾ. ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇರೆಯೇ ಬೇಕು, ಅಮೆರಿಕದ್ದು ಇದ್ದರೆ ಸಾಲದು. ಸಣ್ಣ ವಿಮಾನ ಅಂತ ಯಾರೂ ರಿಯಾಯಿತಿ ಕೊಡುವುದಿಲ್ಲ. ಅಮೆರಿಕದ ವೀಸಾ ಕೂಡ ಹಲವು ಬಾರಿ ಒಳಗೆ ಬರಲು ಬಿಡುವಂಥದ್ದೇ ಆಗಿರಲಿ, ವಾಪಸ್ ಬರಬೇಕಲ್ಲ. ಇದನ್ನು ದಾವಣಗೆರೆಯಲ್ಲಿ ಇರುವಾಗಲೇ ಮುಗಿಸಿಕೊಳ್ಳಿ.

ಎರಡನೆಯದು ಹೆಸರು, ನಮ್ಮ ಕಡೆಯವರು ಸಿಕ್ಕಿಬೀಳುವುದೇ ಇಲ್ಲಿ. ಅಮೆರಿಕದಿಂದ ಹೊರಡುವಾಗ ಒಂದು ಸಲ, ಬರುವಾಗ ಒಂದು ಸಲ, ವಿಮಾನದಲ್ಲಿ ಯಾರ್ಯಾರು ಇದ್ದಾರೆ ಅಂತ ಪೈಲಟ್ ಇ-ಏಪಿಸ್ ಅನ್ನುವ ಅಮೆರಿಕದ ಕಸ್ಟಮ್ಸಿನ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಲೇಬೇಕು. ಹೊರಡುವ 60 ನಿಮಿಷ ಮುಂಚೆಯಾದರೂ ಹೋಗಿರಬೇಕು. 2009ರಿಂದ ಸಣ್ಣ ವಿಮಾನಗಳಿಗೂ ಇದು ಕಡ್ಡಾಯ, ತಪ್ಪಿದರೆ ಮೊದಲ ಸಲಕ್ಕೇ 5,000 ಡಾಲರ್‌ವರೆಗೆ ದಂಡ ಬೀಳಬಹುದು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರು ಇನಿಶಿಯಲ್ ಎರಡೂ ಒಂದೇ ಕಡೆ ಇವೆ. ಅಮೆರಿಕದ ವೀಸಾದಲ್ಲಿ ಅದೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಕೂತಿತ್ತು. ಹುಡುಗ ಮೊದಲು ತನಗೆ ತೋಚಿದಂತೆ ತುಂಬಿ, ಆಮೇಲೆ ಅನುಮಾನ ಬಂದು ಕಸ್ಟಮ್ಸಿಗೆ ಫೋನ್ ಮಾಡಿ ಕೇಳಿ, ವೀಸಾದಲ್ಲಿ ಇದ್ದಂತೆಯೇ ಮತ್ತೆ ಕಳುಹಿಸಿದ. ನೀವು ಪಾಸ್‌ಪೋರ್ಟ್, ವೀಸಾ ಎರಡನ್ನೂ ಫೋಟೊ ತೆಗೆದು ಮುಂಚೆಯೇ ಪೈಲಟ್‌ಗೆ ಕಳುಹಿಸಿಬಿಡಿ.

ಅವನು ಮಾಡಿದ ಒಂದು ಜಾಣತನ: ಹೋಗುವುದು, ಬರುವುದು ಎರಡರದ್ದೂ ಹಿಂದಿನ ರಾತ್ರಿಯೇ ತುಂಬಿದ. ಅಲ್ಲಿ ನೆಟ್ ಸಿಗದಿದ್ದರೆ ಪರದಾಡುವುದು ತಪ್ಪಿತು.

ಕೆನಡಾದ ಕಡೆ ಫೋನಿನ ಕೆಲಸ. ಇಳಿಯುವ 2 ಗಂಟೆಗೂ ಮುಂಚೆ, ಆದರೆ 48 ಗಂಟೆಗಿಂತ ಹಿಂದೆ ಅಲ್ಲ, ಪೈಲಟ್ ಅಲ್ಲಿನ ಗಡಿ ಅಧಿಕಾರಿಗಳ ಕ್ಯಾನ್‌ಪಾಸ್ ಅನ್ನುವ ಫೋನ್ ನಂಬರಿಗೆ ಕರೆ ಮಾಡಿ ಯಾರು, ಎಷ್ಟು ಹೊತ್ತಿಗೆ, ಏನು ಸಾಮಾನು ಅಂತ ಹೇಳಬೇಕು. ಇಳಿದ ಮೇಲೆ ಮತ್ತೆ ಫೋನ್. ಒಂದು ನಂಬರ್ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ನಮ್ಮನ್ನು ನೋಡಲು ಯಾರೂ ಬರಲೇ ಇಲ್ಲ! ಇಷ್ಟೇನಾ ಅನ್ನಿಸಿತು.

ಗಡಿ ದಾಟುವಾಗ ಫ್ಲೈಟ್ ಪ್ಲಾನ್, ಅಂದರೆ ದಾರಿ, ಸಮಯ ಮುಂಚೆಯೇ ತಿಳಿಸಿದ ವಿವರ, ಚಾಲ್ತಿಯಲ್ಲಿರಬೇಕು. ರೇಡಾರಿಗೆ ವಿಮಾನದ ಗುರುತು ತೋರಿಸುವ ಟ್ರಾನ್ಸ್‌ಪಾಂಡರಿನಲ್ಲಿ ವಿಮಾನ ಸಂಚಾರ ನಿಯಂತ್ರಕರು ಕೊಟ್ಟ ನಾಲ್ಕು ಅಂಕಿಯ ಕೋಡ್ ಇರಬೇಕು. ದೇಶದೊಳಗೆ ಹಾರುವಾಗ ಬೇಡದ ರೇಡಿಯೊ ಪರವಾನಗಿ, ವಿಮಾನಕ್ಕೊಂದು ಪೈಲಟ್‌ಗೊಂದು, ಇಲ್ಲಿ ಬೇಕು. ವಿಮಾನಕ್ಕೆ ವರ್ಷಕ್ಕೊಮ್ಮೆ ಕೊಳ್ಳುವ ಕಸ್ಟಮ್ಸ್ ಸ್ಟಿಕರ್ ಕೂಡ. ಇವೆಲ್ಲ ಪೈಲಟ್‌ನ ತಲೆನೋವು. ಬಾಡಿಗೆ ವಿಮಾನ ಆದರೆ ಹಿಂದಿನ ದಿನವೇ ಕೇಳಿ ನೋಡಲಿ.

ವಾಪಸ್ ಬರುವಾಗ ಬೆಲ್ಲಿಂಗ್‌ಹ್ಯಾಮ್ ಕಸ್ಟಮ್ಸಿಗೆ ಮುಂಚೆಯೇ ಫೋನ್ ಮಾಡಿ ಇಳಿಯಲು ಒಪ್ಪಿಗೆ ತೆಗೆದುಕೊಳ್ಳಬೇಕು. ಇ-ಏಪಿಸ್ ತುಂಬಿದರೆ ಒಪ್ಪಿಗೆ ಸಿಕ್ಕಂತಲ್ಲ. ನಮಗೆ ಮೋಡ ಕವಿದು ಒಂದು ಗಂಟೆ ತಡವಾಯಿತು, ಹುಡುಗ ಮತ್ತೆ ಫೋನ್ ಮಾಡಿ ಹೊಸ ಸಮಯ ಹೇಳಿದ. ಇಳಿದ ಕೂಡಲೇ ನಾನು ಕಾಲು ಚಾಚೋಣ ಅಂತ ಬಾಗಿಲು ತೆಗೆದೆ. ಅವನು ಅಂಗಿ ಹಿಡಿದು ಎಳೆದ! ಅಧಿಕಾರಿ ಬಂದು ಹೇಳುವ ತನಕ ಯಾರೂ ಕೆಳಗೆ ಕಾಲಿಡಬಾರದಂತೆ. ಇಳಿಯುವ ಮುಂಚೆಯೇ ಇದನ್ನು ಹೇಳಬಾರದಿತ್ತಾ ಅಂತ ಮನೆಗೆ ಹೋದ ಮೇಲೆ ಬೈದೆ.

ಇನ್ನು ತೂಕ. ಸೆಸ್ನಾ 172ರಲ್ಲಿ ನಾಲ್ಕು ಸೀಟು, ಹಿಂದಿನ ಸಾಮಾನಿನ ಜಾಗಕ್ಕೆ 120 ಪೌಂಡ್, ಅಂದರೆ ಸುಮಾರು 54 ಕೆಜಿ ಮಿತಿ. ಪೈಲಟ್ ಎಲ್ಲರ ತೂಕ ಕೇಳುತ್ತಾನೆ. ಬೆಣ್ಣೆ ದೋಸೆ ತಿಂದು ಬೆಳೆದ ನಮ್ಮವರು ಐದಾರು ಕೆಜಿ ಕಡಿಮೆ ಹೇಳುತ್ತಾರೆ, ನನ್ನ ಹೆಂಡತಿಯೂ ಹೇಳಿದಳು. ನಿಜ ಹೇಳಿ. ಹಣ್ಣು ಒಯ್ಯಬೇಡಿ. ತಿನ್ನುವುದು ಏನಿದ್ದರೂ ಕೇಳುವ ಮುಂಚೆಯೇ ಹೇಳಿಬಿಡಿ. ನಾನು ಊರಿನ ಮಂಡಕ್ಕಿ ಪೊಟ್ಟಣ ತೋರಿಸಿದೆ, ಅಧಿಕಾರಿ ಅಲ್ಲಾಡಿಸಿ ನೋಡಿ ವಾಪಸ್ ಕೊಟ್ಟ.