ಮಾಲೀಕರ ಲೆಕ್ಕ ಆಯ್ತು, ದುಡಿದವರದ್ದು?

ಅಮೆರಿಕದಲ್ಲಿ ಗುಲಾಮಗಿರಿಗೆ ಪರಿಹಾರ ಕೊಡಬೇಕು ಅನ್ನುವ ಮಾತು ಎದ್ದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಇಷ್ಟು ವರ್ಷ ಆದ ಮೇಲೆ ಲೆಕ್ಕ ಹಾಕೋದು ಹೇಗೆ? ಆಗೆಲ್ಲ ನನಗೆ 1862ರ ಅರ್ಜಿಗಳು ನೆನಪಾಗುತ್ತವೆ.

ಆ ವರ್ಷ ಏಪ್ರಿಲ್ 16ರಂದು ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಸುಮಾರು 3,100 ಜನ ಬಿಡುಗಡೆಯಾದರು. ಅದೇ ಕಾನೂನಿನಲ್ಲಿ ಪರಿಹಾರವೂ ಇತ್ತು, ಒಬ್ಬೊಬ್ಬರ ಲೆಕ್ಕದಲ್ಲಿ ಸರಾಸರಿ 300 ಡಾಲರ್ ಮೀರದಂತೆ. ಆದರೆ ಅದು ಹೋಗಿದ್ದು ಮಾಲೀಕರ ಜೇಬಿಗೆ. ಅವರು ಅರ್ಜಿ ಬರೆದುಕೊಟ್ಟರು: ಹೆಸರು, ವಯಸ್ಸು, ಮೈಬಣ್ಣ, ಏನೇನು ಕೆಲಸ ಬರುತ್ತದೆ, ಎಷ್ಟು ಬೆಲೆ ಬಾಳುತ್ತಾರೆ. ಬೆಲೆ ಕಟ್ಟಲು ಸರ್ಕಾರ ಬಾಲ್ಟಿಮೋರ್‌ನಿಂದ ಗುಲಾಮರ ವ್ಯಾಪಾರಿಯೊಬ್ಬನನ್ನೇ ಕರೆಸಿತ್ತು. ಬಿಡುಗಡೆಯಾದ ಮೇಲೂ ಮನುಷ್ಯರಿಗೆ ಬೆಲೆ ಕಟ್ಟಿದರು, ಅದೂ ಅವನ ಕೈಯಲ್ಲಿ! ದುಡಿದವರಿಗೆ ಏನು ಸಿಕ್ತು? ದೇಶ ಬಿಟ್ಟು ಹೈಟಿಗೋ ಲೈಬೀರಿಯಾಕ್ಕೋ ಹೋಗುವುದಾದರೆ 100 ಡಾಲರ್‌ವರೆಗೆ. ಅಷ್ಟೇ.

1865ರಲ್ಲಿ, ಅಂತರ್ಯುದ್ಧದ ಕೊನೆಯಲ್ಲಿ, ಉತ್ತರದ ಸೇನೆಯ ಜನರಲ್ ಶೆರ್ಮನ್ ಆದೇಶದಂತೆ ದಕ್ಷಿಣದ ಕರಾವಳಿಯಲ್ಲಿ ಬಿಡುಗಡೆಯಾದ ಒಂದೊಂದು ಕುಟುಂಬಕ್ಕೆ 40 ಎಕರೆವರೆಗೆ ಭೂಮಿ ಹಂಚಲು ಶುರು ಮಾಡಿದ್ದರು. ವರ್ಷ ಮುಗಿಯುವಷ್ಟರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದರಲ್ಲಿ ಬಹುಪಾಲನ್ನು ಹಳೆಯ ಮಾಲೀಕರಿಗೇ ವಾಪಸ್ ಕೊಡಿಸಲು ಹೊರಟರು.

ಕ್ಯಾಲಿ ಹೌಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಟೆನೆಸ್ಸೀ ರಾಜ್ಯದಲ್ಲಿ ಗುಲಾಮಳಾಗಿಯೇ ಹುಟ್ಟಿದ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಬೇರೆಯವರ ಬಟ್ಟೆ ಒಗೆದು ಐದು ಮಕ್ಕಳನ್ನು ಸಾಕಿದರು. ಯುದ್ಧ ಮಾಡಿದ ಸೈನಿಕರಿಗೆ ಪಿಂಚಣಿ ಇದೆ, ಕೂಲಿಯಿಲ್ಲದೆ ಜೀವಮಾನವಿಡೀ ದುಡಿದ ಮುದುಕರಿಗೆ ಯಾಕಿಲ್ಲ ಅಂತ ಕೇಳಿ, 1890ರ ದಶಕದಲ್ಲಿ ಐಸಾಯಾ ಡಿಕರ್ಸನ್ ಜೊತೆ ಸೇರಿ ಸಂಘ ಕಟ್ಟಿದರು. ಬಡವರು ಕೊಟ್ಟ ಪುಡಿಗಾಸಿನಲ್ಲಿ ಕಾಯಿಲೆ ಬಿದ್ದವರಿಗೆ ನೆರವಾಗುತ್ತಿತ್ತು, ಸತ್ತವರನ್ನು ಮಣ್ಣು ಮಾಡಲೂ ಆಗುತ್ತಿತ್ತು. 1915ರಲ್ಲಿ ಖಜಾನೆಯ ಮೇಲೆಯೇ ದಾವೆ ಹೂಡಿದರು: ನಮ್ಮ ಜನ ಬೆಳೆದ ಹತ್ತಿಯ ಮೇಲೆ ನೀವು ವಸೂಲಿ ಮಾಡಿದ ತೆರಿಗೆ ಸುಮಾರು 6.8 ಕೋಟಿ ಡಾಲರ್, ಅದು ನಮ್ಮದು. ಸರ್ಕಾರದ ಮೇಲೆ ಅದರ ಒಪ್ಪಿಗೆಯಿಲ್ಲದೆ ದಾವೆ ಹಾಕುವಂತಿಲ್ಲ ಅಂತ ಕೋರ್ಟು ವಜಾ ಮಾಡಿತು. 1917ರಲ್ಲಿ ಅವರನ್ನೇ ಜೈಲಿಗೆ ಕಳಿಸಿದರು. ಆರೋಪ ಏನು ಗೊತ್ತಾ? ಅಂಚೆ ಮೂಲಕ ವಂಚನೆ. ಇಂಥ ಪಿಂಚಣಿ ಎಂದೂ ಸಿಗುವುದಿಲ್ಲ, ಸಿಗುತ್ತದೆ ಅಂತ ಆಸೆ ಹುಟ್ಟಿಸಿ ಚಂದಾ ಎತ್ತಿದ್ದೇ ಮೋಸ ಅನ್ನುವ ವಾದ. ಇದನ್ನು ಮೊದಲು ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಎನ್‌ಕೋಬ್ರಾ, ಅಂದರೆ ನ್ಯಾಷನಲ್ ಕೋಅಲಿಷನ್ ಆಫ್ ಬ್ಲ್ಯಾಕ್ಸ್ ಫಾರ್ ರಿಪರೇಷನ್ಸ್ ಇನ್ ಅಮೆರಿಕ, ಹುಟ್ಟಿದ್ದು 1987ರಲ್ಲಿ. ಕಪ್ಪುಜನರ ವಕೀಲರ ಸಂಘಟನೆ ಮತ್ತಿತರ ಗುಂಪುಗಳು ಒಂದಾಗಿ ಕಟ್ಟಿದ ಒಕ್ಕೂಟ. ಅವರ ಬೇಡಿಕೆ ಬರೀ ಚೆಕ್ಕಿನದಲ್ಲ. ಶಿಕ್ಷಣ, ಆರೋಗ್ಯ, ಆಸ್ತಿ, ಜೈಲು-ಶಿಕ್ಷೆಯ ವ್ಯವಸ್ಥೆ, ಎಲ್ಲ ಕಡೆ ಆದ ಗಾಯ ಮಾಯಬೇಕು ಅನ್ನುತ್ತಾರೆ. ಕನ್ನಡದಲ್ಲಿ ‘ಪರಿಹಾರ’ ಅಂದರೆ ಕೊಡುವವರು ದಯೆ ತೋರಿಸಿದ ಹಾಗೆ ಕೇಳಿಸುತ್ತದೆ, ಅಲ್ವಾ? ಇವರು ಕೇಳುತ್ತಿರುವುದು ಬಾಕಿ.

ಗುಲಾಮರಾಗಿದ್ದವರೂ ಇಲ್ಲ, ಇಟ್ಟುಕೊಂಡಿದ್ದವರೂ ಇಲ್ಲ, ಈಗ ಯಾಕೆ ಅಂತ ಕೇಳುವವರಿದ್ದಾರೆ. ಜನ ಸಾಯುತ್ತಾರೆ, ಖಜಾನೆ ಸಾಯುವುದಿಲ್ಲ. ಬ್ರಿಟನ್ 1830ರ ದಶಕದಲ್ಲಿ ತನ್ನ ಗುಲಾಮರ ಮಾಲೀಕರಿಗೆ 2 ಕೋಟಿ ಪೌಂಡ್ ಕೊಡಲು ಸಾಲ ಮಾಡಿತ್ತು, ಅದು ಪೂರ್ತಿ ತೀರಿದ್ದು 2015ರಲ್ಲಿ. ಮಾಲೀಕರಿಗಾಗಿ ಮಾಡಿದ ಸಾಲ ಅಷ್ಟು ವರ್ಷ ಹಳೆಯದಾಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಶಿಬಿರಗಳಿಗೆ ತಳ್ಳಿದ್ದ ಜಪಾನೀ ಮೂಲದ ಅಮೆರಿಕನ್ನರಲ್ಲಿ ಬದುಕಿದ್ದವರಿಗೆ ತಲಾ 20,000 ಡಾಲರ್ ಮತ್ತು ಕ್ಷಮಾಪಣೆ ಸಿಗಲಿ ಅಂತ 1988ರಲ್ಲಿ ಅಮೆರಿಕವೇ ಕಾನೂನು ಮಾಡಿತು. ಸರಿಯಾಗಿಯೇ ಮಾಡಿತು. ಇಲಿನಾಯ್‌ನ ಎವನ್‌ಸ್ಟನ್ ಅನ್ನುವ ಪಟ್ಟಣ ಗಾಂಜಾ ಮಾರಾಟದ ತೆರಿಗೆಯಿಂದ, ಮನೆ ವಿಷಯದಲ್ಲಿ ತಾರತಮ್ಯಕ್ಕೆ ಒಳಗಾದ ಕಪ್ಪುಜನರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ 25,000 ಡಾಲರ್ ಕೊಡುವ ಯೋಜನೆ ಶುರು ಮಾಡಿದೆ. ಮನಸ್ಸಿದ್ದರೆ ದಾರಿ ಕಾಣುತ್ತದೆ.

ಎನ್‌ಕೋಬ್ರಾ ಒಕ್ಕೂಟ ಬೆನ್ನಿಗೆ ನಿಂತ ಮಸೂದೆಯ ಹೆಸರು ಎಚ್‌.ಆರ್‌. 40. ಆ 40 ಎಕರೆಯ ನೆನಪಿಗೆ ಆ ಸಂಖ್ಯೆ. ಡೆಟ್ರಾಯಿಟ್‌ನ ಸಂಸದ ಜಾನ್ ಕಾನ್ಯರ್ಸ್ 1989ರಲ್ಲಿ ಮೊದಲು ಮಂಡಿಸಿದರು, ನಿವೃತ್ತಿಯಾಗುವವರೆಗೂ ಮತ್ತೆ ಮತ್ತೆ ಮಂಡಿಸಿದರು. ಅವರ ನಂತರ ಶೀಲಾ ಜಾಕ್ಸನ್ ಲೀ. 2021ರ ಏಪ್ರಿಲ್‌ನಲ್ಲಿ ಮೊದಲ ಸಲ ಸಮಿತಿಯಲ್ಲಿ 25-17 ಮತಗಳಿಂದ ಪಾಸಾಯಿತು, ಪೂರ್ತಿ ಸದನದಲ್ಲಿ ಮತಕ್ಕೆ ಬರಲೇ ಇಲ್ಲ. 2025ರಲ್ಲಿ ಅಯಾನಾ ಪ್ರೆಸ್ಲಿ ಮತ್ತೆ ಮಂಡಿಸಿದ್ದಾರೆ. ಇದರಲ್ಲಿ ಯಾರಿಗೂ ಒಂದು ಡಾಲರ್ ಕೊಡಿ ಅಂತ ಇಲ್ಲ. ಏನಾಯಿತು, ಏನು ಕೊಡಬೇಕು ಅಂತ ನೋಡಲು ಒಂದು ಆಯೋಗ ಮಾಡಿ ಅನ್ನುವುದಷ್ಟೇ.

1862ರಲ್ಲಿ ಮಾಲೀಕರ ಲೆಕ್ಕ ನೋಡಲು ಮೂವರ ಆಯೋಗ ಮಾಡಿದ್ದರು. ಒಂಬತ್ತು ತಿಂಗಳಲ್ಲಿ ಕೆಲಸ ಮುಗಿದಿತ್ತು.