ಉಕ್ಕಿದ ಸಾರು, ಹಳದಿ ಉರಿ

ಬೆಳಿಗ್ಗೆ ಫೋನ್ ನೋಡುತ್ತಾ ನಿಂತು ಸಾರು ಉಕ್ಕಿಸಿದೆ. ಒಲೆಯ ನೀಲಿ ಉರಿ ಒಂದು ಕ್ಷಣ ಹಳದಿಯಾಯಿತು. ಉಪ್ಪಿನಲ್ಲಿರುವ ಸೋಡಿಯಂ ಕೆಲಸ. ಒರೆಸುವುದು ಬಿಟ್ಟು ಸುಮ್ನೆ ನೋಡುತ್ತಾ ನಿಂತೆ.

ಸೋಡಿಯಂ ಕಾದರೆ 589 ನ್ಯಾನೋಮೀಟರ್ ತರಂಗಾಂತರದ ಹತ್ತಿರ ಎರಡು ಹಳದಿ ಗೆರೆ ಕೊಡುತ್ತದೆ. ಸೂರ್ಯನ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ ಅದೇ ಜಾಗದಲ್ಲಿ ಕಪ್ಪು ಗೆರೆ. ಅಲ್ಲಿನ ಸೋಡಿಯಂ ಆ ಬಣ್ಣವನ್ನು ನುಂಗಿಬಿಟ್ಟಿದೆ. 1859ರಲ್ಲಿ ಜರ್ಮನ್ ವಿಜ್ಞಾನಿ ಕಿರ್ಚಾಫ್ ಈ ಗುಟ್ಟು ಹಿಡಿದರು.

ಆದರೆ ಗೆರೆ ಗಾಢವಾಗಿದ್ದ ಮಾತ್ರಕ್ಕೆ ಆ ವಸ್ತು ಜಾಸ್ತಿ ಇದೆ ಅಂತಲ್ಲ. ನನಗೆ ಮಜಾ ಅನಿಸುವುದು ಇಲ್ಲೇ. ಬಿಸಿಯೂ ಲೆಕ್ಕಕ್ಕೆ ಬರುತ್ತದೆ. ಸೂರ್ಯನ ಬಿಸಿಯಲ್ಲಿ ಹೈಡ್ರೋಜನ್ ಪರಮಾಣುಗಳಲ್ಲಿ ತೀರಾ ಕೆಲವು ಮಾತ್ರ ಕಣ್ಣಿಗೆ ಕಾಣುವ ಬೆಳಕನ್ನು ನುಂಗುವ ಸ್ಥಿತಿಯಲ್ಲಿರುತ್ತವೆ. ಉಳಿದವು ಗಪ್‌ಚುಪ್. ಬಿಸಿಗೂ ಪರಮಾಣುಗಳ ಸ್ಥಿತಿಗೂ ಇರುವ ನಂಟಿಗೆ 1920ರಲ್ಲಿ ಸೂತ್ರ ಕೊಟ್ಟವರು ನಮ್ಮ ಮೇಘನಾದ ಸಹಾ. ಅದನ್ನು ಹಿಡಿದು ಲೆಕ್ಕ ಹಾಕಿದವರು ಹಾರ್ವರ್ಡ್‌ನಲ್ಲಿದ್ದ ಖಗೋಳ ವಿಜ್ಞಾನಿ ಸಿಸಿಲಿಯಾ ಪೇನ್. ಉತ್ತರ ಬಂದಿದ್ದು ನಕ್ಷತ್ರಗಳಲ್ಲಿ ಹೈಡ್ರೋಜನ್ನೇ ಎಲ್ಲಕ್ಕಿಂತ ಜಾಸ್ತಿ ಅಂತ, ಲೋಹಗಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು!

ಆಗ ಅವರಿಗೆ ಸುಮಾರು 25 ವರ್ಷ. ಹಿರಿಯ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವಿಲ್ಲ ಅಂದರು. ಪಾಪ, 1925ರ ಪ್ರಬಂಧದಲ್ಲಿ ಪೇನ್ ಅವರೇ ಈ ಅಂಕಿ ಬಹುತೇಕ ನಿಜವಿರಲಾರದು ಎಂದು ಬರೆದುಕೊಂಡರು. 1929ರಲ್ಲಿ ರಸೆಲ್ ಬೇರೆ ದಾರಿಯಿಂದ ಹೋಗಿ ಅದೇ ಉತ್ತರಕ್ಕೆ ಬಂದರು. ಪೇನ್ ಹೆಸರು ಹೇಳಿದರು, ನಿಜ. ಆದರೂ ಹೊಟ್ಟೆ ಉರಿಯುತ್ತದೆ ಅಲ್ವಾ?

ಒಲೆ ಇನ್ನೂ ಒರೆಸಿಲ್ಲ.