ಆದಿತ್ಯವಾರ ಮಧ್ಯಾಹ್ನ, ಬುಟ್ಟಿ ಹೆಣೆಯುತ್ತಾ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಪಂಚಾಯತ್‌ನ ಪಾಲಿಯೇಟಿವ್ ನರ್ಸ್ ಜೊತೆ ಮನೆ ಮನೆಗೆ ಹೋಗುವ ವಾಲಂಟಿಯರ್. ಹಾಸಿಗೆ ಹಿಡಿದವರ ಹುಣ್ಣು ತೊಳೆಯಲು ಸಹಾಯ ಮಾಡುವುದು, ಮಾತ್ರೆ ತಲುಪಿಸುವುದು, ಸ್ವಲ್ಪ ಹೊತ್ತು ಕೂತು ಮಾತಾಡುವುದು, ಇಷ್ಟು ಕೆಲಸ. ಹಾಗೆ ತಿರುಗುವಾಗ ಇಲ್ಲಿನ ಬುಡಕಟ್ಟಿನವರಾದ ಕೊರಗರ ಮನೆಗಳಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಂಗಸರಿಗೆ ಏನು ಕಾಯಿಲೆ ಅಂತ ಆಶಾದವರಿಗೆ ಗೊತ್ತು, ನೆರೆಮನೆಯವರಿಗೂ ಗೊತ್ತು. ಗಂಡಸರದ್ದು ಅವರವರ ಹೆಂಡತಿಗೇ ಗೊತ್ತಿಲ್ಲ.

ಹೆಂಗಸರಿಗೆ ಕೂರಲು ಒಂದು ಜಾಗ ಇದೆ, ಅಲ್ವಾ? 1998ರಲ್ಲಿ ಸರಕಾರದ ಮಹಿಳಾ ಯೋಜನೆ ಕುಟುಂಬಶ್ರೀ ಶುರುವಾದ ಮೇಲೆ ಕೇರಳದ ಮೂಲೆ ಮೂಲೆಯಲ್ಲೂ ಅಯಲ್‌ಕೂಟ, ಅಂದರೆ ನೆರೆಹೊರೆಯ ಹೆಂಗಸರ ಗುಂಪು, ಬಂತು, ಸಾಲದ ಲೆಕ್ಕಕ್ಕೆ ಅಂತ ಸೇರಿದವರು ಮೊಣಕಾಲು ನೋವನ್ನೂ ಮಗಳ ಚಿಂತೆಯನ್ನೂ ಅಲ್ಲೇ ಹೇಳಿಕೊಂಡು ಹಗುರಾಗುತ್ತಾರೆ. ಗಂಡಸರಿಗೆ ಊರುಕೂಟ, ಅಂದರೆ ಬುಡಕಟ್ಟಿನವರ ಊರ ಸಭೆ, ಉಂಟು, ಆದರೆ ಅಲ್ಲಿ ಮನೆ, ರಸ್ತೆ, ರೇಷನ್ ಮಾತು ಮುಗಿಯುವಾಗಲೇ ಕತ್ತಲೆಯಾಗುತ್ತದೆ. ಉಳಿದದ್ದು ಕುಡಿಯುವ ಜಾಗ ಮಾತ್ರ.

ಅವರು ಕುಡಿಯುತ್ತಾರೆ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಕೊರಗರ ಕುಲಕಸುಬು ಬುಟ್ಟಿ. ಪ್ಲಾಸ್ಟಿಕ್ ಬಂದು ಬುಟ್ಟಿ ಕೇಳುವವರಿಲ್ಲ, ಬಳ್ಳಿಗೆ ಕಾಡಿನಲ್ಲಿ ದೂರ ಹೋಗಬೇಕು. ಕೈಯಲ್ಲಿದ್ದ ವಿದ್ಯೆಗೆ ಬೆಲೆ ಹೋದ ಗಂಡಸಿನ ಮನಸ್ಸು ಹೇಗಿರುತ್ತದೆ ಅಂತ ಯಾರೂ ಕೇಳಿಲ್ಲ.

ಕೆನಡಾದ ವ್ಯಾಂಕೂವರ್‌ನಲ್ಲಿ 2010ರಲ್ಲಿ ಶುರುವಾದ ಡ್ಯೂಡ್ಸ್ ಕ್ಲಬ್ ಬಗ್ಗೆ ಓದಿದ್ದೆ. ಅಲ್ಲಿನ ಮೂಲನಿವಾಸಿ ಗಂಡಸರೇ ಜಾಸ್ತಿ ಸೇರುವ ಗುಂಪು. ಒಟ್ಟಿಗೆ ಊಟ ಮಾಡುತ್ತಾರೆ, ಹಿರಿಯರು ಜೊತೆಗಿರುತ್ತಾರೆ, ಡಾಕ್ಟರೂ ಅವರ ನಡುವೆಯೇ ಕೂತು ಮಾತಾಡುತ್ತಾರೆ. ಓದಿದ ಮೇಲೆ ನಮ್ಮಲ್ಲೂ ಮಾಡಬಹುದಲ್ಲ ಅನ್ನಿಸಿತು. ಡೋಲು ಇದೆಯಲ್ಲ, ಡೋಲು ಬಾರಿಸಿದರೆ ಎಲ್ಲರೂ ಸೇರುತ್ತಾರೆ ಅಂದುಕೊಂಡೆ.

ಒಬ್ಬ ಹಿರಿಯರ ಹತ್ತಿರ ಹೇಳಿದೆ. ಅವರು ತುಂಬ ಹೊತ್ತು ಸುಮ್ಮನಿದ್ದರು. "ಡೋಲು ಬೇಡ ಅಣ್ಣ. ನಮ್ಮ ಅಪ್ಪಂದಿರು ಬೇರೆಯವರು ಕರೆದಾಗೆಲ್ಲ ಹೋಗಿ ಬಾರಿಸಿದ್ದು ಸಾಕು" ಅಂದರು. ನನಗೆ ಆಮೇಲೆ ಹೊಳೆಯಿತು. ಅಜಲು ಅನ್ನುವ ಹಳೆಯ ಪದ್ಧತಿಯಲ್ಲಿ ಮೇಲುಜಾತಿಯವರು ಕೊರಗರ ಕೈಯಲ್ಲಿ ಡೋಲು ಬಾರಿಸುವಂತೆ ಮಾಡುತ್ತಿದ್ದರು, ಉಗುರು ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದರು. ಕರ್ನಾಟಕ ಅದನ್ನು ನಿಷೇಧಿಸಿ ಕಾನೂನು ಮಾಡಿದ್ದು 2000ದಲ್ಲಿ, ಅಂದರೆ ಮೊನ್ನೆ ಮೊನ್ನೆ. ಡೋಲನ್ನು ಹೆಮ್ಮೆಯಿಂದ ಬಾರಿಸುವ ಕೊರಗ ಯುವಕರೂ ಇದ್ದಾರೆ, ಅದು ಅವರ ಇಷ್ಟ. ಆದರೆ ಬಾರಿಸಿ ಅಂತ ಹೇಳಲು ನಾನು ಯಾರು?

"ಮತ್ತೆ ಎಂತ ಮಾಡುವ?" ಅಂತ ಕೇಳಿದೆ. "ಬಳ್ಳಿ ತಂದು ಕೂರುವ. ಕೈ ಖಾಲಿ ಇದ್ದರೆ ಬಾಯಿಯೂ ಬರುದಿಲ್ಲ."

ಈಗ ಆದಿತ್ಯವಾರ ಮಧ್ಯಾಹ್ನ ಆರೇಳು ಜನ ಹಲಸಿನ ಮರದ ಬುಡದಲ್ಲಿ ಸೇರುತ್ತಾರೆ. ಮುಖ ನೋಡಿಕೊಂಡು ಹೇಳಲಾಗದ್ದನ್ನು ಬಳ್ಳಿ ನೋಡಿಕೊಂಡು ಹೇಳುತ್ತಾರೆ. ಮೊದಲ ಮೂರು ವಾರ ಮಳೆ, ಅಡಿಕೆ, ಕೂಲಿ ಮಾತು ಬಿಟ್ಟರೆ ಏನೂ ಇಲ್ಲ. ನಾಲ್ಕನೇ ವಾರ ಒಬ್ಬರು ತಲೆ ಎತ್ತದೆಯೇ, ಕೆಮ್ಮು ನಿಲ್ಲುತ್ತಿಲ್ಲ, ಓಣಂ ಮೊದಲೇ ಶುರುವಾದದ್ದು ಅಂದರು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಕ್ಷಯಕ್ಕೆ ಔಷಧಿ ಸರಕಾರದ್ದೇ, ಉಚಿತ. ಚಿಕಿತ್ಸೆ ಮುಗಿಯುವವರೆಗೆ ಊಟಕ್ಕೆ ಅಂತ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರಲ್ಲಿ 1000 ಮಾಡಿದ್ದಾರೆ. ಇದನ್ನೆಲ್ಲ ನಾನು ಹೇಳುವ ಮೊದಲೇ ಪಕ್ಕದಲ್ಲಿ ಕೂತವರು "ನನಗೂ ಬಂದಿತ್ತು, ಆರು ತಿಂಗಳು ಮಾತ್ರೆ ತಿಂದೆ, ಈಗ ನೋಡು" ಅಂತ ಹೆಗಲು ತೋರಿಸಿದರು. ಆ ಒಂದು ಮಾತಿನ ಬಲ ಯಾವ ಪೋಸ್ಟರಿಗೂ ಇಲ್ಲ.

ಇನ್ನೊಬ್ಬರಿಗೆ ಪ್ರೆಶರ್ ಇತ್ತು, ಮಾತ್ರೆ ಅರ್ಧಕ್ಕೆ ಬಿಟ್ಟಿದ್ದರು. ಯಾಕೆ ಅಂದರೆ ಚೀಟಿಯಲ್ಲಿ ಬರೆದದ್ದೆಲ್ಲ ಮಲಯಾಳದಲ್ಲಿ. ಇವರದ್ದು ಕೊರಗ ಮಾತು, ತುಳು, ಶಾಲೆಗೆ ಹೋಗಿದ್ದರೆ ಕನ್ನಡ. ಕೇಳಿದರೆ ಬೈದಾರು ಅಂತ ಹಾಗೇ ಮನೆಗೆ ಬಂದಿದ್ದರು. ಇದು ನನಗೆ ಬಹಳ ನೋವು ಕೊಟ್ಟಿತು, ಯಾಕೆಂದರೆ ಇದಕ್ಕೆ ದುಡ್ಡು ಬೇಡ, ಪಕ್ಕದಲ್ಲಿ ನಿಂತು ಎರಡು ಸಾಲು ತುಳುವಿನಲ್ಲಿ ಹೇಳುವ ಒಬ್ಬ ಮನುಷ್ಯ ಸಾಕಿತ್ತು.

ಮಲಯಾಳವೂ ತುಳುವೂ ಬರುವವರು ಈ ಕಡೆ ಯಾರಾದರೂ ಇದ್ದರೆ ಬನ್ನಿ. ಮೂರು ಗಂಟೆಗೆ ಶುರು. ಮೊಬೈಲ್ ಹಿಡಿದು ಫೋಟೋ ತೆಗೆಯಬೇಡಿ. ಬಳ್ಳಿ ಸೀಳಲು ಒಂದು ಕತ್ತಿ ಇದ್ದರೆ ತನ್ನಿ, ನಮ್ಮಲ್ಲಿ ಎರಡೇ ಇರುವುದು.